ಮನೆಯವರಿಗೆ ಆಗುವುದಿಲ್ಲ

ಅವಳ ಗಂಡನನ್ನು ಬೀದಿಯವರೆಲ್ಲ ತಕ್ಕಡಿ ಎಂದು ಕರೆಯುತ್ತಿದ್ದರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಪೆಟ್ರೋಲ್ ಬಂಕಿನ ಅಳತೆ, ಇವನ್ನೆಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಇಲಾಖೆಯಲ್ಲಿ ಅವನಿಗೆ ಕೆಲಸ. ಎದುರಿಗೆ ಸಿಕ್ಕಾಗ ಸಾರ್, ಬೆನ್ನು ತಿರುಗಿಸಿದ ಮೇಲೆ ತಕ್ಕಡಿ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಬೀದಿಯಲ್ಲಿ ಯಾರೇ ಏನೇ ಕೊಳ್ಳಲಿ, ಬಟ್ಟೆ ಒಗೆಯುವ ಮಷೀನಿರಲಿ, ಮಗಳಿಗೆ ಸ್ಕೂಟರಿರಲಿ, ನೀರಿನ ಟ್ಯಾಂಕಿರಲಿ, ಮೊದಲು ಅವನ ಹತ್ತಿರ ಬಂದು ಒಂದು ಮಾತು ಕೇಳುತ್ತಿದ್ದರು. ಅವನು ಅನುಕೂಲವನ್ನೆಲ್ಲ ಒಂದು ತಟ್ಟೆಗೆ, ಅನನುಕೂಲವನ್ನೆಲ್ಲ ಇನ್ನೊಂದು ತಟ್ಟೆಗೆ ಹಾಕಿ, ಗಲ್ಲ ಕೆರೆದುಕೊಂಡು, "ಒಂದು ವಾರ ಬಿಟ್ಟು ಬನ್ನಿ" ಅನ್ನುತ್ತಿದ್ದ. ವಾರ ಬಿಟ್ಟು ಬಂದವರಿಗೆ ಹೇಳಿದ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು. ಅದನ್ನು ಅವಳೂ ಇಲ್ಲವೆನ್ನುತ್ತಿರಲಿಲ್ಲ.

ಅವಳಿಗೆ ಬೀದಿ ಕೊಟ್ಟ ಹೆಸರು ಕನ್ನಡಕದಕ್ಕ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಉಜ್ಜಿ, ಅಂಚು ತಿದ್ದಿ, ಫ್ರೇಮಿಗೆ ಕೂಡಿಸುವುದು ಅವಳ ಕೆಲಸ. ಬೀದಿಯ ಮುದುಕರ ಕನ್ನಡಕದ ಕಾಲು ಸಡಿಲವಾದರೆ ಬಿಗಿ ಮಾಡಿಕೊಡಲು ಅವಳ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತಿತ್ತು. ಅಂಗಡಿಯ ಮುಂಭಾಗ, ಗಿರಾಕಿಗಳು ಕನ್ನಡಿಯ ಮುಂದೆ ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುವ ಜಾಗ, ತಂಪಾಗಿರುತ್ತಿತ್ತು. ಅವಳು ಕೂರುವ ಹಿಂದಿನ ಕೋಣೆಯಲ್ಲಿ ಒಂದು ಫ್ಯಾನು. ಅದನ್ನೂ ಗಾಜಿನ ಪುಡಿ ಹಾರುತ್ತದೆಂದು ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದರು. ಗೋಡೆಗೆ ಒಳ್ಳೆ ಗಾಳಿ ಬೀಸುತ್ತಿತ್ತು.

ಇಷ್ಟು ವರ್ಷ ಅವಳು ಸೆಕೆಯನ್ನು ಒಂದು ದೊಡ್ಡ ವಿಷಯ ಎಂದುಕೊಂಡವಳಲ್ಲ. ಐವತ್ತು ಹತ್ತಿರವಾಗಿ ಮುಟ್ಟು ನಿಲ್ಲುವ ಕಾಲ ಬಂದಾಗ ಮೈಯೇ ಅವಳ ಮಾತು ಕೇಳದೆ ಹೋಯಿತು. ಕೂತಲ್ಲಿ ಕೂತ ಹಾಗೆಯೇ ಎದೆಯಿಂದ ಒಂದು ಉರಿ ಎದ್ದು ಕುತ್ತಿಗೆ ಹತ್ತಿ ಕಿವಿಯವರೆಗೆ ಹೋಗುತ್ತಿತ್ತು. ಕನ್ನಡಕ ಮಂಜು ಕಟ್ಟುತ್ತಿತ್ತು. ಕುಪ್ಪಸ ಬೆನ್ನಿಗೆ ಅಂಟಿಕೊಂಡು, ಸ್ವಲ್ಪ ಹೊತ್ತಿಗೆ ಉರಿ ಇಳಿದ ಮೇಲೆ ಅದೇ ಒದ್ದೆ ಬಟ್ಟೆಯಲ್ಲಿ ಮೈ ನಡುಗುತ್ತಿತ್ತು. ಡಾಕ್ಟರಮ್ಮ ನಾಡಿ ಹಿಡಿದು ನೋಡಿ, "ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಏಳೆಂಟು. ಆದಷ್ಟು ತಂಪಾಗಿರಿ" ಎಂದರು. ಎಲ್ಲಿ ತಂಪಾಗಿರುವುದು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಮನೆಯೋ, ಮೇಲೆ ಬರೀ ಕಾಂಕ್ರೀಟಿನ ಸೂರು, ಪಡುವಣ ಬಿಸಿಲಿಗೆ ಬೆನ್ನು ಕೊಟ್ಟ ಗೋಡೆ. ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಒಳಗಿನ ಬಿಸಿ ಎದುರುಗೊಳ್ಳಲು ಬಂದ ನೆಂಟನ ಹಾಗೆ ಮುಖಕ್ಕೇ ಬಂದು ತಬ್ಬುತ್ತಿತ್ತು.

ಮೊದಲ ಬೇಸಿಗೆಯಲ್ಲೇ ಗಂಡನನ್ನು ಕೇಳಿದಳು.

"ರೀ, ಮಲಗೋ ಕೋಣೆಗೆ ಒಂದು ಏಸಿ ಹಾಕ್ಸೋಣವಾ? ನನ್ನ ಕೈಲಿ ಆಗ್ತಿಲ್ಲ."

"ಹಾಕ್ಸೋಣ, ಅದಕ್ಕೇನು" ಎಂದ ಅವನು. "ಆದ್ರೆ ನೋಡಬೇಕು."

ಅವನು ನೋಡತೊಡಗಿದ. ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಟೇಪು ಹಿಡಿದು ಕೋಣೆಯ ಉದ್ದ, ಅಗಲ, ಎತ್ತರ ಅಳೆದ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಡೆಗೆ ಅಂಗೈ ಇಟ್ಟು ಬಿಸಿ ನೋಡಿದ. ಕಿಟಕಿಯ ಸಂದಿಗೆ ಊದುಬತ್ತಿ ಹಿಡಿದು ಹೊಗೆ ಎಲ್ಲಿಂದ ನುಸುಳುತ್ತದೆ ಎಂದು ನೋಡಿದ. ಊಟಕ್ಕೆ ಕೂತಾಗ ಅವಳಿಗೆ ವಿವರಿಸಿದ. "ದೊಡ್ಡ ಆಫೀಸುಗಳಲ್ಲಿ ಮಾಡೋ ಹಾಗೆ ಸೂರಿನ ಕೆಳಗೆ ಕೊಳವೆ ಹಾಯಿಸಿ ಮನೆಗೆಲ್ಲ ತಂಪು ಕೊಡೋದು ನಮಗೆ ಆಗಲ್ಲ. ಸೂರೇ ತಗ್ಗು, ಕೊಳವೆ ಬಂದ್ರೆ ನಾವು ಬಗ್ಗಿ ಓಡಾಡಬೇಕು. ಹಾಗಾಗಿ ಕೊಳವೆ ಇಲ್ಲದ್ದೇ ಆಗಬೇಕು. ಒಳಗೆ ಗೋಡೆ ಮೇಲೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ಗೋಡೆಗೊಂದು ತೂತು. ಯಾವ ಕೋಣೆಗೆ ಬೇಕೋ ಆ ಕೋಣೆಗೆ ಮಾತ್ರ. ಅದೇ ಅದರ ಗುಣ, ಅದೇ ಅದರ ದೋಷ."

"ಹಾಗಾದ್ರೆ ಹಾಕಿಸಿ."

"ಆದ್ರೆ..." ಎಂದ ಅವನು.

ಆ 'ಆದ್ರೆ'ಯಲ್ಲೇ ಮೊದಲ ಬೇಸಿಗೆ ಕಳೆಯಿತು. ಹೊರಗಿನ ಪೆಟ್ಟಿಗೆ ಹಿಂದಿನ ಓಣಿಯಲ್ಲಿಟ್ಟರೆ ಅದಕ್ಕೆ ಗಾಳಿ ಸಾಲುತ್ತದೋ ಇಲ್ಲವೋ. ತಾರಸಿಯ ಮೇಲಿಟ್ಟರೆ ಬಿಸಿಲಿಗೆ ಅದೇ ಬೇಯುತ್ತದೆ. ವೈರು ಹಳೆಯದು, ಬೇರೆ ಲೈನು ಎಳೆಸಬೇಕು. ನೀರು ಎಲ್ಲಿಗೆ ಬಿಡುವುದು. ಮಳೆ ಬಂತು, ಮಾತು ನಿಂತಿತು.

ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಅದೇ ತಗ್ಗು ಸೂರು, ಅದೇ ಓಣಿ, ಅದೇ ಪಡುವಣ ಗೋಡೆ. ತಕ್ಕಡಿಯ ಮನೆಯಲ್ಲಿ ಏಸಿಯ ಯೋಚನೆ ನಡೆದಿದೆ ಎಂದು ಗೊತ್ತಾದದ್ದೇ ತಡ, ಒಬ್ಬೊಬ್ಬರಾಗಿ ಕೇಳಲು ಬಂದರು. ಅವನು ಒಬ್ಬೊಬ್ಬರ ಮನೆಗೂ ಟೇಪು ಹಿಡಿದು ಹೋದ. ಎದುರುಮನೆಯ ಟೀಚರಮ್ಮನಿಗೆ ಕಿಟಕಿಗೆ ರಬ್ಬರು ಪಟ್ಟಿ ಅಂಟಿಸಿ ಸಣ್ಣದೊಂದನ್ನು ಹಾಕಿಸಿ ಎಂದ. ಮೂಲೆಮನೆಯ ಬೇಕರಿಯವನಿಗೆ ಓಣಿಯ ಕಡೆ ಪೆಟ್ಟಿಗೆ ಇಟ್ಟರೆ ಸಾಕು, ಗಾಳಿ ಧಾರಾಳ ಎಂದ. ಎರಡನೆಯ ಬೇಸಿಗೆಯ ಹೊತ್ತಿಗೆ ಬೀದಿಯ ಅರ್ಧಕ್ಕರ್ಧ ಮನೆಗಳ ಬೆನ್ನಿಗೆ ಬಿಳಿ ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು. ಊರಿಗೆಲ್ಲ ನೆರಳು ಕೊಟ್ಟ ಮರದ ಬುಡದಲ್ಲಿ ಅವಳು ಮಾತ್ರ ಬಿಸಿಲಿಗೆ ಕೂತಿದ್ದಳು.

ಬೇಕರಿಯವನ ಮನೆಯಲ್ಲಿ ಒಂದು ಎಡವಟ್ಟಾಯಿತು. ಹಾಕಿದ ಮೆಕ್ಯಾನಿಕ್ ನೀರಿನ ಪೈಪಿಗೆ ಇಳಿಜಾರು ಕೊಡದೆ, ನೀರು ಹೊರಗೆ ಹೋಗುವ ಬದಲು ಒಳಗೋಡೆಯ ಮೇಲೆ ಇಳಿದು ಹೊಸ ಬಣ್ಣವೆಲ್ಲ ಗುಳ್ಳೆ ಎದ್ದಿತು. ಅದರಲ್ಲಿ ತಕ್ಕಡಿಯ ತಪ್ಪೇನಿರಲಿಲ್ಲ. ಆದರೂ ಬೇಕರಿಯವನು ಬಾಯಿಗೆ ಬಂದದ್ದನ್ನು ಬಿಡುವವನಲ್ಲ. ಅಂಗಡಿಯಲ್ಲಿ ನಾಲ್ಕು ಜನರೆದುರು, "ತಕ್ಕಡಿ ಮಾತು ಕೇಳಿ ನಮ್ಮ ಗೋಡೆ ಅಳೋಕೆ ಶುರು ಮಾಡ್ತು ನೋಡಿ" ಎಂದ. ಮಾತು ಬೀದಿಯ ಉದ್ದಕ್ಕೂ ಹರಿಯಿತು. ಪೈಪು ಸರಿಮಾಡಿಸಿ ಗೋಡೆ ಒಣಗಿದ ಮೇಲೂ ಆ ಮಾತು ಒಣಗಲಿಲ್ಲ. "ಏನ್ ಸಾರ್, ಇವತ್ತು ಯಾರ ಗೋಡೆ ಅಳಿಸ್ತೀರಿ?" ಎಂದು ಹುಡುಗರೂ ಕೇಳುತ್ತಿದ್ದರು. ಅವನು ನಗುತ್ತಿದ್ದ. ಆದರೆ ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನಗು ಇರುತ್ತಿರಲಿಲ್ಲ.

ಅದಾದ ಮೇಲೆ ಅವನು ಸ್ವಂತ ಮನೆಯ ಏಸಿಯ ಸುದ್ದಿ ತಾನಾಗಿ ಎತ್ತಲಿಲ್ಲ. ಅವಳು ಎತ್ತಿದರೆ, "ನೋಡ್ತಿದ್ದೀನಲ್ಲ" ಎನ್ನುತ್ತಿದ್ದ. ಅಳೆದೂ ಸುರಿದೂ ಎರಡನೆಯ ಬೇಸಿಗೆಯೂ ಹೋಯಿತು. ಅವಳು ಒದ್ದೆ ಟವೆಲು ಕುತ್ತಿಗೆಗೆ ಸುತ್ತಿಕೊಂಡು ಮಲಗುವುದನ್ನು ಕಲಿತಳು.

ಈ ನಡುವೆ ಅವಳಿಗೆ ಬೀದಿಯ ಹೆಂಗಸರ ಮೇಲೆ ಒಂದು ಸಿಟ್ಟು ಬೆಳೆದಿತ್ತು. ಹೇಳಿಕೊಳ್ಳಲಾಗದ ಸಣ್ಣ ಸಿಟ್ಟು. ಕನ್ನಡಕ ಸರಿಮಾಡಿಕೊಡಲೆಂದೋ, ಏನೋ ಕೇಳಲೆಂದೋ ಯಾರ ಮನೆಗೆ ಹೋದರೂ, ಹೊಸ್ತಿಲು ದಾಟುವಾಗ ಒಳಗಿನ ತಂಪು ಒಂದು ಸಲ ಮುಖಕ್ಕೆ ತಾಗುತ್ತಿತ್ತು. ಅವಳು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮನೆಯಾಕೆ ರಿಮೋಟು ಎತ್ತಿ ಟಕ್ಕೆಂದು ಆರಿಸುತ್ತಿದ್ದಳು. ಫ್ಯಾನು ಹಾಕುತ್ತಿದ್ದಳು. ಒಂದು ಮನೆಯಲ್ಲಲ್ಲ, ಎಲ್ಲ ಮನೆಯಲ್ಲೂ. ಕರೆಂಟ್ ಬಿಲ್ಲಿನ ಭಯ ಎಂದುಕೊಂಡಳು. ತಾವಿದ್ದಾಗ ಇಡೀ ದಿನ ಓಡಿಸುತ್ತಾರೆ, ಬಂದವಳಿಗೆ ಎರಡು ಉಸಿರು ತಂಪು ಕೊಡಲು ಕೈ ಹಿಡಿತ. ಇವರ ಬಾಯಿ ಸಕ್ಕರೆ, ಕೈ ಕತ್ತರಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಬರುತ್ತಿದ್ದಳು. ಕ್ರಮೇಣ ಹೋಗುವುದನ್ನೇ ಕಡಿಮೆ ಮಾಡಿದಳು.

ಮೂರನೆಯ ಬೇಸಿಗೆಯ ಒಂದು ರಜಾದಿನ ಟೀಚರಮ್ಮನ ಓದುವ ಕನ್ನಡಕ ಮುರಿದು, ಅವಳು ಹೊಸ ಕಾಲು ಹಾಕಿ ಕೊಡಲು ಹೋದಳು. ಟೀಚರಮ್ಮನ ತಂಗಿ ಬೇರೆ ಊರಿಂದ ಬಂದವಳು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಹೊರಗೆ ಟಾರು ಕರಗುವ ಬಿಸಿಲು. ಇವಳು ಒಳಗೆ ಕಾಲಿಟ್ಟಳು, ಟೀಚರಮ್ಮ "ಬನ್ನಿ ಬನ್ನಿ" ಎನ್ನುತ್ತಲೇ ರಿಮೋಟಿಗೆ ಕೈ ಹಾಕಿದರು.

"ಅದ್ಯಾಕೆ ಆರಿಸ್ತಿದ್ದೀಯಕ್ಕ, ಈ ಸುಡೋ ಬಿಸಿಲಲ್ಲಿ?" ಎಂದಳು ತಂಗಿ.

"ಸುಮ್ನಿರು. ಇವರಿಗೆ ಆಗಲ್ಲ."

"ಏನು ಆಗಲ್ಲ?"

"ಏಸಿ ಗಾಳಿ ಕಣೇ. ಸ್ವಲ್ಪ ತಗುಲಿದ್ರೂ ಕೀಲುಕೀಲು ಹಿಡ್ಕೊಳ್ಳುತ್ತಂತೆ, ವಾರಗಟ್ಲೆ ಏಳೋಕಾಗಲ್ಲವಂತೆ. ಪಾಪ, ಅದಕ್ಕೇ ಅವರ ಯಜಮಾನ್ರು ಬೀದಿಗೆಲ್ಲ ಹಾಕ್ಸಿಕೊಟ್ಟು ತಾವು ಮಾತ್ರ ಹಾಕ್ಸಿಲ್ಲ. ಎಂಥ ಮನುಷ್ಯ ನೋಡು. 'ನಮ್ಮ ಮನೆಗೆ ಚೆನ್ನಾಗೇ ಆಗುತ್ತೆ ಟೀಚರೇ, ನಮ್ಮ ಮನೆಯವರಿಗೆ ಆಗಲ್ಲ, ಏನ್ಮಾಡೋದು' ಅಂದ್ರು. ಹೆಂಡ್ತಿಗಾಗಿ ಸೆಕೇಲಿ ಬೇಯ್ತಾ ಕೂತಿದ್ದಾರೆ."

ತಂಗಿ ಇವಳ ಕಡೆ ತಿರುಗಿದಳು. "ಹೌದಾ? ಅಷ್ಟೊಂದು ತೊಂದರೆನಾ ನಿಮಗೆ?"

ಕೈಯಲ್ಲಿ ಹಿಡಿದಿದ್ದ ಕನ್ನಡಕವನ್ನು ಅವಳು ಹಾಗೆಯೇ ಹಿಡಿದುಕೊಂಡಿದ್ದಳು. ಇಲ್ಲ ಎನ್ನಬಹುದಿತ್ತು. ಎರಡಕ್ಷರದ ಮಾತು. ಆದರೆ ಪರ ಊರಿನ ಹೆಂಗಸು, ಪರಿಚಯವಿಲ್ಲದವಳು, ಅವಳೆದುರು ಗಂಡ ಸುಳ್ಳುಗಾರನೆಂದು ಹೇಗೆ ಹೇಳುವುದು? ಮೂವತ್ತು ವರ್ಷ ಸಂಸಾರ ಮಾಡಿದ ನಾಲಗೆ, ಅವಳನ್ನು ಕೇಳದೆಯೇ ಹೊರಳಿತು.

"ಹೌದು" ಎಂದಳು. "ನನಗೆ ಆಗಲ್ಲ."

ಟೀಚರಮ್ಮ ಆರಿಸಿದರು. ಕಿಟಕಿ ತೆರೆದರು. ನಿಂಬೆ ಶರಬತ್ತನ್ನೂ ಐಸ್ ಹಾಕದೆ ಕೊಟ್ಟರು, ಅದೂ ಆಗುವುದಿಲ್ಲವೇನೋ ಎಂದು. ಶರಬತ್ತು ಕುಡಿಯುತ್ತಿದ್ದಾಗಲೇ ಎದೆಯಿಂದ ಉರಿ ಎದ್ದಿತು. ಕುತ್ತಿಗೆ, ಕಿವಿ, ಕೆನ್ನೆ. ಕನ್ನಡಕ ಮಂಜಾಗಿ ಎದುರಿನ ಇಬ್ಬರು ಹೆಂಗಸರೂ ಕಾಣದಾದರು. "ನೋಡು, ಆಗಲೇ ತಗುಲಿಬಿಟ್ಟಿದೆ ಪಾಪ" ಎಂದು ಟೀಚರಮ್ಮ ತಂಗಿಗೆ ಪಿಸುಗುಟ್ಟಿದ್ದು ಮಾತ್ರ ಕೇಳಿಸಿತು.

ಮನೆಗೆ ಬಂದಾಗ ಗಂಡ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದ. ಅವಳು ಚಪ್ಪಲಿಯಲ್ಲೇ ನಿಂತು ಕೇಳಿದಳು.

"ನನಗೆ ಏಸಿ ಆಗಲ್ಲ ಅಂತ ಬೀದಿಗೆಲ್ಲ ಹೇಳಿದ್ದೀರಂತೆ?"

ಅವನು ಪೇಪರು ಮಡಿಸಿದ. ನಿಧಾನವಾಗಿ, ಅಂಚಿಗೆ ಅಂಚು ಸೇರಿಸಿ. ಸುಳ್ಳು ಹೇಳಿಲ್ಲ ಎನ್ನುತ್ತಾನೇನೋ ಎಂದು ಅವಳು ಕಾದಳು. ಅವನು ಹಾಗನ್ನಲಿಲ್ಲ.

"ಏನೋ ಒಂದು ಹೇಳಬೇಕಿತ್ತಲ್ಲ."

"ಯಾಕೆ ಹೇಳಬೇಕಿತ್ತು?"

"ಎಲ್ಲರೂ ಕೇಳೋರು. ನಮ್ಮನೆಗೆ ಆಗುತ್ತೆ ಅಂತೀರಿ, ನಿಮ್ಮನೆಗೆ ಯಾಕಿಲ್ಲ ಅಂತ. ಮನೆಗಳೆಲ್ಲ ಒಂದೇ ಥರ. ನಮ್ಮ ಮನೆಗೆ ಆಗಲ್ಲ ಅಂದ್ರೆ ಯಾರು ನಂಬ್ತಾರೆ? ನಿನ್ನ ಹೆಸರು ಹೇಳಿದ್ರೆ ಯಾರೂ ಮುಂದಕ್ಕೆ ಕೇಳಲ್ಲ. ಕಾಯಿಲೆ ಅಂದ್ರೆ ಸುಮ್ನಾಗ್ತಾರೆ."

"ಅಂದ್ರೆ ನಮ್ಮ ಮನೆಗೆ ಆಗುತ್ತೆ."

"ಆಗದೇ ಏನು? ಮೊದಲನೇ ವರ್ಷವೇ ಗೊತ್ತಿತ್ತು. ಓಣಿ ಕಡೆ ಇಟ್ರೆ ಸಾಕು."

"ಮತ್ತೆ ಯಾಕೆ ಹಾಕ್ಸಲಿಲ್ಲ?"

ಅವನು ಮಡಿಸಿದ ಪೇಪರನ್ನು ಇನ್ನೊಮ್ಮೆ ಮಡಿಸಿದ. ಮಾತಾಡಿದಾಗ ಅವಳ ಕಡೆ ನೋಡಲಿಲ್ಲ. "ಬೇರೆಯವರ ಮನೇದು ಕೆಟ್ರೆ ಅವರ ಹಣೆಬರಹ. ನಮ್ಮನೇದೇ ಕೆಟ್ರೆ? ಬೇಕರಿಯವನ ಗೋಡೆಗೇ ಇಷ್ಟು ಆಡಿಕೊಂಡ್ರು. ತಕ್ಕಡಿ ಮನೆ ಗೋಡೆನೇ ಅತ್ರೆ, ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ ಹೇಳು."

ಇಷ್ಟೇ. ದೊಡ್ಡ ಗುಟ್ಟೇನೋ ಇರಬಹುದೆಂದು ಅವಳು ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ದೊಡ್ಡದೇನಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಇದು ಅಂಗೈಯಲ್ಲಿ ಹಿಡಿದರೆ ಕಾಣದಷ್ಟು ಸಣ್ಣದು. ಇದರ ಕೆಳಗೆ ಅವಳು ಮೂರು ಬೇಸಿಗೆ ಮಲಗಿದ್ದಳು.

"ನಾನು ಬೆಂದು ಹೋಗ್ತಿದ್ದದ್ದು ಕಾಣ್ತಿರಲಿಲ್ವಾ ನಿಮಗೆ?"

"ಕಾಣ್ತಿತ್ತು. ಅದಕ್ಕೇ ನೋಡ್ತಾ ಇದ್ದೆ" ಎಂದ ಅವನು. ಅವನ ದನಿಯಲ್ಲಿ ನೋವು ಇತ್ತು. ಅದೇ ಅವಳಿಗೆ ಸಹಿಸಲಾಗದ್ದು, ಅವನಿಗೂ ನೋವಾಗಿತ್ತು.

ಆ ಸಂಜೆ ಮಗಳಿಗೆ ಫೋನು ಮಾಡಿದಳು. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು, ಔಷಧದ ಅಂಗಡಿ ನಡೆಸುತ್ತಿದ್ದಳು. ಹೋದ ಬೇಸಿಗೆಯಲ್ಲಿ ಅವಳ ಹೆರಿಗೆಯಾದಾಗ ಇವಳು ಒಂದು ತಿಂಗಳು ಹೋಗಿದ್ದು ಬಂದಿದ್ದಳು. ಮಗಳು, ಅಳಿಯ, ಮಗು ತಂಪು ಕೋಣೆಯಲ್ಲಿ. ಇವಳಿಗೆ ಅಡುಗೆಮನೆಯ ಪಕ್ಕದ ಕೋಣೆ, ಔಷಧದ ಖಾಲಿ ಡಬ್ಬಗಳ ನಡುವೆ ಒಂದು ಮಂಚ, ಒಂದು ಟೇಬಲ್ ಫ್ಯಾನು. ಬಾಣಂತಿಯ ಮನೆ, ತಾನು ಬಂದದ್ದು ಸೇವೆಗೆ ಎಂದು ತುಟಿ ಎರಡು ಮಾಡದೆ ಮಲಗಿದ್ದಳು. ಆದರೆ ಮಗಳು ಒಂದು ಸಲವಾದರೂ ಒಳಗೆ ಬಾ ಎನ್ನಲಿಲ್ಲವಲ್ಲ ಎಂಬುದು ಮನಸ್ಸಿನಲ್ಲಿ ಮುಳ್ಳಾಗಿ ಕೂತಿತ್ತು.

"ನಿಂಗೂ ಅಪ್ಪ ಹೇಳಿದ್ರೇನೇ, ನನಗೆ ಏಸಿ ಆಗಲ್ಲ ಅಂತ?"

"ಹೌದಮ್ಮ. ನೀನು ಬರೋ ಮುಂಚೆನೇ ಫೋನ್ ಮಾಡಿ ಹೇಳಿದ್ರು, ಅಮ್ಮನ್ನ ಏಸಿ ರೂಮಲ್ಲಿ ಮಲಗಿಸಬೇಡ ಅಂತ. ಯಾಕೆ?"

ಅದು ಯಾಕೆಂದು ಅವಳಿಗೂ ತಕ್ಷಣ ಹೊಳೆಯಲಿಲ್ಲ. ಬೀದಿಯವರಿಗೆ ಹೇಳಿದ್ದು ಸರಿ, ಮಗಳಿಗೆ ಯಾಕೆ? ಆಮೇಲೆ ಅರ್ಥವಾಯಿತು. ಮಗಳ ಮನೆಯಲ್ಲಿ ತಿಂಗಳು ತಂಪಾಗಿ ಮಲಗಿ ಬಂದವಳು ಬೀದಿಯಲ್ಲಿ ಒಂದು ದಿನ ಬಾಯಿ ತಪ್ಪಿ ಹೇಳಿಯಾಳು. ಅವನು ಯಾವ ಕಡೆಯೂ ಸೋರದ ಹಾಗೆ ನೋಡಿಕೊಂಡಿದ್ದ.

"ನನಗೆ ಯಾವತ್ತೂ ಹಾಗೆ ಇರಲಿಲ್ಲ ಕಣೇ. ಸುಳ್ಳು ಅದು."

ಆ ಕಡೆ ಮಗು ಅಳುತ್ತಿತ್ತು. ಮಗಳು ಅದನ್ನು ಸಮಾಧಾನ ಮಾಡಿ ಮತ್ತೆ ಫೋನಿಗೆ ಬಂದಳು. "ಅಪ್ಪ ಹಾಗೆ ಮಾಡಬಾರದಿತ್ತು. ಸರಿ. ಆದ್ರೆ ನೀನೂ ಒಂದು ಮಾತು ಹೇಳಬಹುದಿತ್ತಲ್ಲಮ್ಮ. ಒಂದು ತಿಂಗಳು ಇದ್ದೆ ನಮ್ಮನೇಲಿ. ಸೆಕೆ ಆಗ್ತಿದೆ, ಒಳಗೆ ಮಲಗ್ತೀನಿ ಅಂದಿದ್ರೆ ನಾನು ಬೇಡ ಅಂತಿದ್ನಾ? ಬಾಯಿ ಬಿಡಲ್ಲ, ಆಮೇಲೆ ವರ್ಷ ಕಳೆದ ಮೇಲೆ ಫೋನ್ ಮಾಡಿ ಅಳ್ತೀಯ."

"ನಾನು ಅಳ್ತಿಲ್ಲ."

"ಸರಿ ಬಿಡು."

ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಫೋನಿಟ್ಟ ಮೇಲೆ ಅವಳು ಗಂಡನಿಗಿಂತ ಹೆಚ್ಚಾಗಿ ಆ ಮಾತನ್ನೇ ದ್ವೇಷಿಸಿದಳು.

ಆ ವಾರವೇ ಅವಳು ಅಂಗಡಿಗೆ ರಜೆ ಹಾಕಿ ಮೆಕ್ಯಾನಿಕ್ಕನ್ನು ಕರೆಸಿದಳು. ಗಂಡ ಕೆಲಸಕ್ಕೆ ಹೋಗಿದ್ದ. ಮೆಕ್ಯಾನಿಕ್ ಮನೆಯೆಲ್ಲ ಒಂದು ಸುತ್ತು ನೋಡಿ, "ಇಲ್ಲಿಗೆ ಧಾರಾಳವಾಗಿ ಆಗುತ್ತಮ್ಮ, ಯಾವ ಕೋಣೆಗೆ ಹಾಕಲಿ?" ಎಂದು ಕೇಳಿದ. ಮಲಗುವ ಕೋಣೆ ಎನ್ನಲು ಬಾಯಿ ತೆರೆದವಳು ಒಂದು ಗಳಿಗೆ ನಿಂತಳು. ಆಮೇಲೆ ಓಣಿಯ ಕಡೆಯ ಸಣ್ಣ ಕೋಣೆಯ ಬಾಗಿಲು ತೆಗೆದಳು. ಮಗಳು ಮದುವೆಗೆ ಮುಂಚೆ ಮಲಗುತ್ತಿದ್ದ ಕೋಣೆ, ಈಗ ಒಣಗಿದ ಬಟ್ಟೆ ಗುಡ್ಡೆ ಹಾಕುವ ಜಾಗ. "ಇಲ್ಲಿಗೆ" ಎಂದಳು. ದುಡ್ಡು ಅವಳ ಸಂಬಳದ್ದು, ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಇಷ್ಟು ವರ್ಷವೂ ಕೇಳಬೇಕಾಗಿರಲಿಲ್ಲವೆಂಬುದು ಗೋಡೆಗೆ ತೂತು ಕೊರೆಯುವ ಸದ್ದಿನ ನಡುವೆ ಅವಳ ತಲೆಗೆ ಬಂತು. ಗೋಡೆಯ ಪುಡಿ ನೆಲಕ್ಕೆ ಉದುರುತ್ತಿತ್ತು. ಅವಳು ಪೊರಕೆ ಹಿಡಿದು ನಿಂತಿದ್ದಳು.

ಸಂಜೆ ಗಂಡ ಬಂದು ನೋಡಿದ. ಬೀರುವಿನಿಂದ ಮಟ್ಟ ನೋಡುವ ರಸಮಟ್ಟ ತಂದು ಪೆಟ್ಟಿಗೆಯ ಮೇಲಿಟ್ಟು ನೋಡಿದ, ಓಣಿಗೆ ಹೋಗಿ ನೀರಿನ ಪೈಪಿನ ಇಳಿಜಾರು ನೋಡಿದ, ಬಕೆಟ್ ಇಟ್ಟು ನೀರು ಬೀಳುವುದನ್ನು ಬಹಳ ಹೊತ್ತು ಕಾದ. ಒಳಗೆ ಬಂದು, "ಸರಿಯಾಗೇ ಹಾಕಿದ್ದಾನೆ" ಎಂದ. ಅವಳು ಬಾಗಿಲು ಹಾಕಿಕೊಂಡು ಮಲಗಿದಳು. ಎಷ್ಟೋ ದಿನದ ಮೇಲೆ ಬೇಸಿಗೆಯಲ್ಲಿ ಒದ್ದೆ ಟವೆಲಿಲ್ಲದೆ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಸಂತೋಷ ಎಲ್ಲಿದೆ ಎಂದು ಹುಡುಕಿಕೊಂಡಳು, ಸಿಕ್ಕಲಿಲ್ಲ. ಮೈ ಹಗುರವಾಗಿತ್ತು, ಅಷ್ಟೆ.

ಮೊದಲ ಕೆಲವು ದಿನ ಅವನು ಆ ಕೋಣೆಯ ಕಡೆ ಸುಳಿಯಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ, ಕಾಗೆಯೂ ಕೂಗದಂಥ ಬಿಸಿಲಿನಲ್ಲಿ, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತ. ಬೆನ್ನ ಮೇಲೆಲ್ಲ ಬೆವರುಸಾಲೆ ಎದ್ದಿತ್ತು. ಬರಲೇ ಎಂದು ಕೇಳಲಿಲ್ಲ. ಅವಳೂ ಬಾ ಎನ್ನಲಿಲ್ಲ, ಗೋಡೆಯ ಕಡೆ ಸರಿದಳು. ಅವನು ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚುತ್ತಲೇ ಗೊರಕೆ ಹೊಡೆದ. ಮುಖ ನೋಡಿದರೆ ಪಾಪ ಅನ್ನಿಸಿತು. ಇಷ್ಟು ದಿನ ಅವನೂ ಬೆಂದಿದ್ದಾನಲ್ಲ, ತನ್ನ ಜಂಬದಲ್ಲಿ ತಾನೇ. ಹೋಗಲಿ ಎಂದುಕೊಂಡಳು. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದಕ್ಕೂ. ಅವಳು ಅವನ ಬೆನ್ನಿಗೆ ಪೌಡರು ಹಾಕಿದಳು. ಕೋಪ ಕರಗಿಹೋಗಿರಲಿಲ್ಲ, ಆದರೆ ಅದನ್ನು ಹೊತ್ತು ಹೊತ್ತು ತೋಳು ಸೋತಿತ್ತು.

ತಿಂಗಳಾಯಿತು. ಗೋಡೆ ಅಳಲಿಲ್ಲ. ನೀರು ಹೊರಗೇ ಹೋಯಿತು. ಮಷೀನು ತಕರಾರಿಲ್ಲದೆ ಓಡಿತು.

ಒಂದು ಸಂಜೆ ಅವಳು ಕೆಲಸದಿಂದ ಬಂದು ಸೀರೆ ಬದಲಿಸಿ, ನೈಟಿಯಲ್ಲಿ ಮಂಚದ ಮೇಲೆ ಕಾಲು ಚಾಚಿದ್ದಳು. ಹಾಲಿನಲ್ಲಿ ಗಂಡಸರ ಮಾತು ಕೇಳಿಸಿತು. ಬಾಗಿಲು ತಟ್ಟುವುದೂ ತೆರೆಯುವುದೂ ಒಟ್ಟಿಗೇ ಆಯಿತು. ಗಂಡ ಮುಂದೆ, ಅವನ ಹಿಂದೆ ಬೇಕರಿಯವನು, ಅವನ ಹಿಂದೆ ಬೇಕರಿಯವನ ಭಾವಮೈದುನ, ಎಲ್ಲೋ ಹೊಸ ಮನೆ ಕಟ್ಟಿಸುತ್ತಿದ್ದವನು. ಅವಳು ಗಡಬಡಿಸಿ ಎದ್ದು ಟವೆಲು ಹೊದ್ದುಕೊಂಡಳು.

"ನೀನು ಮಲಗು, ಮಲಗು. ಎರಡೇ ನಿಮಿಷ" ಎಂದ ಗಂಡ. ಆಮೇಲೆ ಕೈ ಎತ್ತಿ ತೋರಿಸತೊಡಗಿದ. "ಬೀದಿಯವರದ್ದೆಲ್ಲ ಆದ ಮೇಲೆ, ಅವರಲ್ಲಿ ಆದ ತಪ್ಪನ್ನೆಲ್ಲ ನೋಡಿಕೊಂಡು, ಮೂರು ವರ್ಷ ಯೋಚನೆ ಮಾಡಿ ಹಾಕ್ಸಿದ್ದು ಇದು. ಜಾಗ ನೋಡಿ, ಪೆಟ್ಟಿಗೆ ಹೊರಗಿರೋದು ಬೆನ್ನಿಗೇ, ಪೈಪು ಗೇಣುದ್ದ. ಆತುರ ಪಟ್ಟಿದ್ರೆ ಹೀಗೆ ಬರ್ತಿತ್ತಾ?"

ಭಾವಮೈದುನ ತಲೆಯಾಡಿಸಿದ. "ನಿಮ್ಮ ಮನೆಯವರಿಗೆ ಆಗ್ತಿರಲಿಲ್ಲ ಅಂತ ನಮ್ಮ ಭಾವ ಹೇಳಿದ್ರು?"

"ಆಗ್ತಿರಲಿಲ್ಲ. ಮೆಲ್ಲಗೆ ಅಭ್ಯಾಸ ಮಾಡಿಸಿದ್ದೀನಿ. ಮೊದಲು ಇಪ್ಪತ್ತೆಂಟು ಡಿಗ್ರಿ, ಆಮೇಲೆ ಇಪ್ಪತ್ತಾರು. ಈಗ ಪರವಾಗಿಲ್ಲ, ತಡ್ಕೋತಾಳೆ."

ಅವಳಿಗೆ ಕಿವಿಯಲ್ಲಿ ಗುಂಯ್ ಎಂದಿತು. ಎದೆಯಿಂದ ಏಳುವ ಆ ಉರಿ ಇದಲ್ಲ, ಆದರೂ ಮುಖ ಸುಟ್ಟಿತು. ಟೀಚರಮ್ಮನ ಮನೆಯಲ್ಲಿ ಹೊರಳಿದ ನಾಲಗೆ ಈ ಸಲ ಹೊರಳಲಿಲ್ಲ.

"ನನಗೆ ಯಾವತ್ತೂ ಆಗದೆ ಇರಲಿಲ್ಲ" ಎಂದಳು. "ಇವರು ಸುಳ್ಳು ಹೇಳಿದ್ರು. ಇದನ್ನ ಇವರು ಹಾಕ್ಸಿದ್ದೂ ಅಲ್ಲ. ನಾನು ಹಾಕ್ಸಿದ್ದು, ನನ್ನ ಸಂಬಳದಲ್ಲಿ, ಇವರು ಮನೇಲಿಲ್ಲದಾಗ."

ಬೇಕರಿಯವನು ಹೊಟ್ಟೆ ಕುಲುಕಿಸಿ ನಕ್ಕ. "ಅಕ್ಕ ಬಿಡಲ್ಲ ಬಿಡಿ. ಸಾರ್ ಕಾಲೆಳೆಯೋಕೆ ನಾವೇ ಅಂದ್ಕೊಂಡಿದ್ವಿ, ಮನೇಲೇ ಇದ್ದಾರೆ."

"ನಮ್ಮನೇಲೂ ಇದೇ ಕಥೆ" ಎಂದ ಭಾವಮೈದುನ. "ಮಾಡೋದು ನಾವು, ಹೆಸರು ಅವರದ್ದು."

ಅವಳು ಗಂಡನ ಮುಖ ನೋಡಿದಳು. ಅವನು ಏನಾದರೂ ಹೇಳಬಹುದಿತ್ತು. ತಲೆ ತಗ್ಗಿಸಿದ್ದರೂ ಸಾಕಿತ್ತು. ಅವನು ಅವರಿಬ್ಬರ ಜೊತೆ ಸೇರಿ ನಕ್ಕ. ಹೆಂಡತಿಯ ತಮಾಷೆಗೆ ನಗುವ ಒಳ್ಳೆಯ ಗಂಡನ ಹಾಗೆ, ಧಾರಾಳವಾಗಿ, ಅವಳ ಭುಜ ತಟ್ಟಿ ನಕ್ಕ. ಮೂವರೂ ಹಾಲಿಗೆ ಹೋದರು. ಹೋಗುವಾಗ ತಂಪು ಹೊರಗೆ ಹೋಗಬಾರದೆಂದು ಅವನು ಬಾಗಿಲು ಎಳೆದುಕೊಂಡ.

ಮರುದಿನ ಕೆಲಸಕ್ಕೆ ಹೊರಡುವಾಗ ಅವಳು ಸಣ್ಣ ಕೋಣೆಗೆ ಬೀಗ ಹಾಕಿ ಕೀಲಿಕೈ ಚೀಲದಲ್ಲಿ ಹಾಕಿಕೊಂಡಳು. ಗಂಡ ಬೂಟಿನ ಲೇಸು ಕಟ್ಟುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

"ಬೀಗ ಯಾಕೆ?"

"ಕೋಣೆ ನನ್ನದು."

"ಇವತ್ತು ಸಂಜೆ ಟೀಚರಮ್ಮನ ತಂಗಿ ಗಂಡ ನೋಡೋಕೆ ಬರ್ತಾರೆ. ಕೇಳಿದ್ರೆ ಏನು ಹೇಳಲಿ?"

"ಏನಾದ್ರೂ ಹೇಳಿ" ಎಂದು ಅವಳು ಮೆಟ್ಟಿಲಿಳಿದಳು.

ಆ ಬೇಸಿಗೆ ಪೂರ್ತಿ ಬೀಗ ಹಾಗೆಯೇ ಇತ್ತು. ಭಾನುವಾರಗಳಲ್ಲಿ ಅವಳು ಒಳಗಿನ ಚಿಲಕ ಹಾಕಿಕೊಂಡು ಮಲಗಿದಳು. ಅವನು ಒಂದೆರಡು ಸಲ ಬಾಗಿಲವರೆಗೆ ಬಂದು ನಿಂತದ್ದು ಕೇಳಿಸಿತು, ತಟ್ಟಲಿಲ್ಲ. ಬೆವರುಸಾಲೆಗೆ ಪೌಡರನ್ನು ತಾನೇ ಹಾಕಿಕೊಳ್ಳುತ್ತಿದ್ದ. ಕೈ ನಿಲುಕುವಷ್ಟು ಜಾಗದಲ್ಲಿ ಮಾತ್ರ ಬಿಳಿ, ಬೆನ್ನಿನ ನಡುವೆ ಕೆಂಪು ಹಾಗೆಯೇ ಉಳಿಯುತ್ತಿತ್ತು. ಊಟ, ಹಾಲು, ಕರೆಂಟ್ ಬಿಲ್ಲು, ಮೊಮ್ಮಗುವಿನ ಜ್ವರ, ಬೇಕಾದ ಮಾತೆಲ್ಲ ಆಡುತ್ತಿದ್ದರು. ಬೀದಿಯವರು ಈಗಲೂ ವಾರ ಬಿಟ್ಟು ಬರಲು ಹೇಳಿಸಿಕೊಂಡು, ವಾರ ಬಿಟ್ಟು ಬರುತ್ತಿದ್ದರು. ಅವಳ ಉರಿ ಇನ್ನೂ ನಿಂತಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ತಿದ್ದುತ್ತಾ ಕೂತಿರುವಾಗ ಅದು ಎದೆಯಿಂದ ಏಳುತ್ತಿತ್ತು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದಳು.